ನೆನಪು ಅಳಿಸಿ ಹೋಗುತ್ತಾ, ಇಲ್ಲಾ ಒಳಗೇ ಅಡಗಿರುತ್ತಾ?

ಹಳೆಯ ನೆನಪನ್ನು ಮತ್ತೆ ಮತ್ತೆ ನೆನೆದರೆ ಅದು ಗಟ್ಟಿಯಾಗುತ್ತಾ, ಕೆಡುತ್ತಾ ಅಂತ ಕೇಳಿದ್ದೀರಿ. ಎರಡೂ ಆಗಬಹುದು, ಜಗಳ ಇರುವುದೇ ಅಲ್ಲಿ. ನೆನಪು ಒಮ್ಮೆ ಗಟ್ಟಿಯಾದರೆ ಮುಗಿಯಿತು ಅಂತ ಬಹಳ ಕಾಲ ಹೆಚ್ಚಿನವರು ನಂಬಿದ್ದರು. 2000ದಲ್ಲಿ ನರವಿಜ್ಞಾನಿ ಕರೀಂ ನಾದರ್ ಮತ್ತು ಜೊತೆಗಾರರು ಒಂದು ಶಬ್ದಕ್ಕೆ ಹೆದರುವುದನ್ನು ಇಲಿಗಳಿಗೆ ಕಲಿಸಿ, ಆಮೇಲೆ ಅದೇ ಶಬ್ದ ಮತ್ತೆ ಕೇಳಿಸಿ, ಕೂಡಲೇ ಮಿದುಳಿನಲ್ಲಿ ಹೆದರಿಕೆಗೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ಭಾಗಕ್ಕೆ, ನೆನಪು ಗಟ್ಟಿಯಾಗಲು ಬೇಕಾದ ಪ್ರೋಟೀನ್ ತಯಾರಿ ತಡೆಯುವ ಔಷಧ ಕೊಟ್ಟರು. ಹೆದರಿಕೆ ಬಹಳ ಇಳಿಯಿತು. ಶಬ್ದ ಕೇಳಿಸದೆ ಬರೀ ಔಷಧ ಕೊಟ್ಟಾಗ ಇಳಿಯಲಿಲ್ಲ! ಅಂದರೆ ನೆನೆದಾಗ ನೆನಪು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗಬೇಕು ಅನ್ನುವುದು ಅವರ ವಾದ.

ಆದರೆ ಅದು ಅಳಿಸಿಯೇ ಹೋಯಿತಾ? 2015ರಲ್ಲಿ ವಿಜ್ಞಾನಿ ಸುಸುಮು ತೊನೆಗಾವಾ ತಂಡ ಇಂಥದೇ ಔಷಧದಿಂದ ಮರೆವು ಬಂದ ಸುಂಡಿಲಿಗಳಲ್ಲಿ, ಕಲಿಯುವಾಗ ಕೆಲಸ ಮಾಡಿದ್ದ ನರಕೋಶಗಳನ್ನೇ ಬೆಳಕಿನಿಂದ ಎಬ್ಬಿಸಿತು, ಹೆದರಿಕೆ ವಾಪಸ್ ಬಂತು. ನನಗೆ ಇದೇ ಜಾಸ್ತಿ ಹಿಡಿಸಿದ್ದು: ಸರಕು ಇದೆ, ದಾರಿ ಸಿಗುತ್ತಿಲ್ಲ ಅಷ್ಟೇ. (ಎಲ್ಲ ಮರೆವೂ ಹೀಗೇ ಅಂತಲ್ಲ. ಆಲ್ಝೈಮರ್‌ನಲ್ಲಿ ನರಕೋಶಗಳೇ ಸಾಯುತ್ತವೆ.)

ಮನುಷ್ಯರಲ್ಲೂ ಇದೇ ತಕರಾರು. ಆಮೇಲೆ ಕೇಳಿದ ತಪ್ಪು ಮಾಹಿತಿ ಮೂಲ ನೆನಪನ್ನೇ ಬದಲಿಸುತ್ತದೆ ಅಂತ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅಂದರೆ, ಮೂಲ ಹಾಗೇ ಇರಬಹುದು, ಜನ ಉತ್ತರ ಮಾತ್ರ ತಪ್ಪು ಹೇಳುತ್ತಾರೆ ಅಂತ 1985ರಲ್ಲಿ ಮೆಕ್ಲಾಸ್ಕಿ, ಝರಗೋಝಾ ಎಂಬ ಮನಶ್ಶಾಸ್ತ್ರಜ್ಞರು ಎದುರು ವಾದ ಹೂಡಿದರು.