ಹೊಳೆ ದಂಡೆಯವರ ಪಾಲು

ಓದುಗರ ಪತ್ರ: ನಮ್ಮೂರು ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲಿದೆ. ನಾನು ಸೊಲ್ಲಾಪುರದಲ್ಲಿ ನೌಕರಿ ಮಾಡುತ್ತೇನೆ. ಅಕ್ಕಲಕೋಟೆ ಕಡೆಯ ಗೆಳತಿಯರು ‘ಹೊಳೆ ದಂಡೆಯವರು ನೀವು, ನಿಮಗೇನು ಕಮ್ಮಿ’ ಎನ್ನುತ್ತಾರೆ. ಅಪ್ಪ ಮಾತ್ರ ‘ಹೊಳೆ ಈಗ ನಮ್ಮದಲ್ಲ’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಕಬ್ಬು ಬಿಟ್ಟು ಜೋಳ ಬಿತ್ತು ಎಂದರೆ ಕೇಳುವುದಿಲ್ಲ. ಯಾರ ಮಾತು ಸರಿ?

ಸಂಪಾದಕರ ಉತ್ತರ:

ಸಹೋದರಿ, ನಮಸ್ಕಾರ.

ಹೊಳೆಯ ವಿಷಯದಲ್ಲಿ ನಿಮ್ಮ ತಂದೆಯವರ ಮಾತೇ ಸರಿ. ಕಬ್ಬಿನ ವಿಷಯದಲ್ಲಿ ನಿಮ್ಮ ಮಾತಿನಲ್ಲೂ ಹುರುಳಿದೆ. ಆದರೆ ಅವರು ಯಾಕೆ ಕೇಳುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 500–600 ಮಿ.ಮೀ. ಅಷ್ಟೇ. ಭೀಮಾ ತುಂಬುವುದು ನಮ್ಮ ಮಳೆಯಿಂದಲ್ಲ, ಭೀಮಾಶಂಕರದ ಕಡೆಯ ಘಟ್ಟದ ಮಳೆಯಿಂದ. ಆ ನೀರನ್ನು ಟೆಂಭುರ್ಣಿ ಹತ್ತಿರ ಉಜನಿ ಅಣೆಕಟ್ಟು ಹಿಡಿಯುತ್ತದೆ. 1980ರಲ್ಲಿ ಮುಗಿದ ಈ ಅಣೆಕಟ್ಟಿನಲ್ಲಿ 117 ಟಿಎಂಸಿ ನೀರು ನಿಲ್ಲುತ್ತದೆ. ಅದರಲ್ಲಿ 63 ಟಿಎಂಸಿಗೂ ಜಾಸ್ತಿ ತಳದ ನೀರು, ಲೆಕ್ಕದ ಪ್ರಕಾರ ಮುಟ್ಟಬಾರದ್ದು. ಬೇಸಿಗೆಯಲ್ಲಿ ಅದಕ್ಕೂ ಕೈ ಹಾಕುತ್ತಾರೆ. ‘ಉಜನಿ ಮೈನಸ್‌ಗೆ ಹೋಯಿತು’ ಎಂಬ ಸುದ್ದಿ ನೀವು ಪೇಪರಿನಲ್ಲಿ ಓದಿರುತ್ತೀರಿ, ಅಲ್ವಾ? ಅದರ ಅರ್ಥ ಇದೇ.

ಅಂದರೆ ಮಳೆಗಾಲ ಕಳೆದ ಮೇಲೆ ನಿಮ್ಮೂರ ಮುಂದೆ ಹರಿಯುವುದು ಯಾರೋ ಬಿಟ್ಟ ನೀರು. ಬಿಡುವುದು ಯಾರಿಗಾಗಿ? ಮುಖ್ಯವಾಗಿ ಸೊಲ್ಲಾಪುರ ನಗರಕ್ಕಾಗಿ. ಉಜನಿಯಿಂದ ಹೊಳೆಗೆ ಬಿಟ್ಟ ನೀರು ಪಂಢರಪುರ ದಾಟಿ, ಕೆಳಗೆ ಔಜ್ ಬಂಧಾರೆಗೆ (ಹೊಳೆಗೆ ಅಡ್ಡ ಕಟ್ಟಿದ ಒಡ್ಡಿಗೆ) ಬಂದು ನಿಲ್ಲುತ್ತದೆ. ಅಲ್ಲಿಂದ ಪಂಪಿನಲ್ಲಿ ನಗರಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ದಂಡೆಯ ಪಂಪುಗಳಿಗೆ ಕರೆಂಟ್ ತೆಗೆಯುತ್ತಾರೆ. ನಡುವೆ ಯಾರೂ ಎತ್ತಬಾರದು ಎಂದು. ಕಣ್ಣೆದುರು ಹೊಳೆ ತುಂಬಿ ಹರಿಯುತ್ತಿದೆ, ಬೆಳೆ ಬಾಡುತ್ತಿದೆ, ಮೋಟರ್ ಚಾಲೂ ಆಗುವುದಿಲ್ಲ. ನಿಮ್ಮ ತಂದೆಯವರು ‘ನಮ್ಮದಲ್ಲ’ ಎನ್ನುವುದು ಸುಮ್ನೆ ಅಲ್ಲ. ನಗರದವರು ನೀರು ಕುಡಿಯಬಾರದೇ ಎಂದು ಕೇಳಿದರೆ, ಖಂಡಿತ ಕುಡಿಯಬೇಕು. ನೀವೂ ಅದೇ ನಲ್ಲಿಯ ನೀರು ಕುಡಿಯುವವರು. ಆದರೆ ಬೇಸಿಗೆಯಲ್ಲಿ ದಂಡೆಯ ಊರುಗಳಿಗೆ ಇಷ್ಟು ಎಂದು ಒಂದು ಪಾಲು ಕೈಗೆ ಸಿಗುವುದಿಲ್ಲ. ನಗರದ ನೀರು ದಾರಿಯಲ್ಲಿ ಹೋಗುವಾಗ ಬಾವಿಗಳಿಗೆ ಇಂಗಿದ್ದೇ ಅವರ ಪಾಲು. ಇದು ನನಗೆ ತೀರಾ ಅನ್ಯಾಯ ಎನಿಸುತ್ತದೆ.

ಇನ್ನೊಂದು ಮಾತು. ನಗರಕ್ಕೆ ಉಜನಿಯಿಂದ ನೇರವಾಗಿ ಮೊದಲೇ ಇರುವ ಒಂದು ಪೈಪ್‌ಲೈನ್ ಜೊತೆಗೆ ಎರಡನೆಯದನ್ನೂ ಕೈಗೆತ್ತಿಕೊಂಡರು. ನಗರದ ನೀರೆಲ್ಲ ಪೈಪಿನಲ್ಲೇ ಹೋದರೆ ಹೊಳೆಗೆ ನೀರು ಬಿಡುವ ಕಾರಣವೇ ಉಳಿಯುವುದಿಲ್ಲ. ಪೈಪ್ ಬಂದರೆ ನೀರು ದಾರಿಯಲ್ಲಿ ಪೋಲಾಗುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆಮೇಲೆ ದಂಡೆಯ ಬಾವಿಗಳ ಗತಿ? ಆಚೆ ದಂಡೆಯ, ಕರ್ನಾಟಕದ ಧೂಳಖೇಡದ ಕಡೆಯವರಿಗೂ ಇದೇ ಚಿಂತೆ. ಹೊಳೆ ಎರಡು ರಾಜ್ಯಗಳ ಗಡಿ ಆಗಿರಬಹುದು. ಬೀಗತನ, ಸಂತೆ, ಮಾತು ಎಲ್ಲ ಎರಡೂ ಕಡೆ ಒಂದೇ. ಬರಗಾಲವೂ ಒಂದೇ, ಮಹಾಪೂರವೂ ಒಂದೇ. 2020ರ ಅಕ್ಟೋಬರಿನಲ್ಲಿ ನೀರು ಬಂದಾಗ ಸೊಲ್ಲಾಪುರ, ವಿಜಯಪುರ, ಕಲಬುರಗಿ ಎಂದು ನೋಡದೆ ಊರಿಗೆ ಊರೇ ಮುಳುಗಿಸಿತು.

ಮೊದಲು ಹೊಳೆ ಬತ್ತಿದರೂ ಉಸುಕಿನಲ್ಲಿ ನೀರಿರುತ್ತಿತ್ತು. ಹೆಣ್ಣುಮಕ್ಕಳು ಉಸುಕಿನಲ್ಲಿ ವರ್ತಿ (ನೀರಿನ ಗುಂಡಿ) ತೋಡಿ, ತಿಳಿನೀರು ತುಂಬಿಕೊಂಡು ಬರುತ್ತಿದ್ದರು. ಉಸುಕು ನೀರನ್ನು ಹಿಡಿದಿಟ್ಟು ಪಕ್ಕದ ಬಾವಿಗಳಿಗೂ ನಿಧಾನಕ್ಕೆ ಕೊಡುತ್ತಿತ್ತು. ಆ ಉಸುಕು ಲಾರಿ ಹತ್ತಿ ಊರೂರ ಕಟ್ಟಡ ಸೇರಿತು. ಈಗ ಎಷ್ಟೋ ಕಡೆ ಬರಿ ಕಲ್ಲು, ರಾಡಿ, ಆಳದ ಗುಂಡಿ. ಮೇಲಿಂದ ಪುಣೆಯ ಹೊಲಸು ನೀರು ಮುಳಾ-ಮುಠಾ ಹೊಳೆಯ ಮೂಲಕ ಉಜನಿಗೆ ಇಳಿಯುತ್ತದೆ. ಮೀನು ಹಿಡಿದು ಬದುಕುವ ಅಂಬಿಗರಿಗೆ, ಕೋಳಿ ಸಮಾಜದವರಿಗೆ ಹೀಗೆ ಎರಡೂ ಕಡೆಯಿಂದ ಪೆಟ್ಟು.

ಇನ್ನು ಕಬ್ಬು. ಆಸೆಬುರುಕತನದಿಂದ ಕಬ್ಬು ಹಚ್ಚುತ್ತಾರೆ ಎಂದು ಪಟ್ಟಣದವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಬಿಳಿಜೋಳಕ್ಕೆ ಕೈ ಬೇಕು. ಹಕ್ಕಿ ಕಾಯಬೇಕು, ಕೀಳಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು. ಮಕ್ಕಳು ಸೊಲ್ಲಾಪುರ, ಪುಣೆ ಸೇರಿದ ಮೇಲೆ ಆ ಕೈ ಎಲ್ಲಿಂದ ತರಬೇಕು? ಕಬ್ಬಾದರೆ ಕಾರ್ಖಾನೆಯ ಟೋಳಿಯೇ (ಕೂಲಿಗಳ ಗುಂಪೇ) ಬಂದು ಕಡಿದು ಒಯ್ಯುತ್ತದೆ. ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇರುವ ಮನೆಗೆ ಅದೇ ಹಗುರ. ಆದರೆ ಕಬ್ಬು ಹೊಲದಲ್ಲಿ ಕನಿಷ್ಠ ಒಂದು ವರ್ಷ ನಿಲ್ಲುತ್ತದೆ. ಏಪ್ರಿಲ್-ಮೇ ನೀರು ಸಿಗದಿದ್ದರೆ ಹಾಕಿದ ಸಾಲವೂ ಒಣಗುತ್ತದೆ. ಜೋಳ ಹಾಗಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಎರೆಮಣ್ಣಿನ ಹಸಿಯಲ್ಲೇ ಬೆಳೆಯುತ್ತದೆ, ಬೇಸಿಗೆ ಬಿಸಿಯೇರುವ ಹೊತ್ತಿಗೆ ಕೈಗೆ ಬರುತ್ತದೆ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಇಷ್ಟು ಹೆಸರು ಬಂದದ್ದು ಅಂಥ ನೆಲದಿಂದಲೇ. ಮೇಲೆ ದನಕ್ಕೆ ಕಣಿಕಿ, ಅಂದರೆ ಜೋಳದ ದಂಟಿನ ಮೇವು.

ಆದ್ದರಿಂದ ತಂದೆಯವರಿಗೆ ‘ಕಬ್ಬು ಕಿತ್ತುಹಾಕು’ ಎನ್ನಬೇಡಿ. ಏಪ್ರಿಲ್ ತಿಂಗಳಲ್ಲಿ ಹೊಳೆಯ ನೀರಿಲ್ಲದೆ ನಿಮ್ಮ ಬಾವಿಯೊಂದೇ ಎಷ್ಟು ಗುಂಟೆ ಉಣಿಸುತ್ತದೆ ಎಂದು ಕೇಳಿ. ಅಷ್ಟಕ್ಕೇ ಕಬ್ಬು, ಉಳಿದದ್ದಕ್ಕೆ ಜೋಳ, ಕಡಲೆ. ಸುಗ್ಗಿಗೆ ರಜೆ ಹಾಕಿ ನೀವೂ ಹೋಗಿ. ಕೈ ಸಾಲದು ಎಂಬ ಅವರ ಮಾತಿಗೆ ನೀವು ಕೊಡಬಹುದಾದ ಉತ್ತರ ಅದೇ.

ಪಾಲಿನ ಮಾತನ್ನೂ ಬಿಡಬೇಡಿ. ಉಜನಿಯ ನೀರು ಯಾರಿಗೆ, ಯಾವಾಗ ಎಂಬುದು ಮಳೆಗಾಲ ಮುಗಿದ ಮೇಲೆ ಕಾಲುವೆ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನ ಆಗುತ್ತದೆ. ಅಲ್ಲಿ ಕಾಲುವೆಯವರ ದನಿ ಜೋರು, ನಗರದವರ ದನಿ ಜೋರು. ದಂಡೆಯ ಊರುಗಳು ಒಂದಾಗಿ, ಬೇಸಿಗೆಯಲ್ಲಿ ಹೊಳೆಗೆ ಇಷ್ಟು ನೀರು ಬಿಡಲೇಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ದೀಪಾವಳಿಯೊಳಗೆ ಕಳಿಸಬೇಕು. ಠರಾವು ಮರಾಠಿಯಲ್ಲಿ ಬರೆಯಿರಿ, ಓದುವವರಿಗೆ ತೊಡಕಾಗಬಾರದು. ಒಂದು ಪ್ರತಿ ನಮಗೂ ಕಳಿಸಿ. ಕನ್ನಡದಲ್ಲಿ ನಾವು ಅಚ್ಚು ಹಾಕುತ್ತೇವೆ, ಆಚೆ ದಂಡೆಯವರೂ ಓದಲಿ.