ಮಳೆ ರಜೆಯಲ್ಲಿ ನಲಿ-ಕಲಿ ಮಕ್ಕಳಿಗೆ ಅವರವರ ಮಟ್ಟದ ಪಾಠ ಕಳಿಸಲು ಯಾವ ಆ್ಯಪ್ ಒಳ್ಳೆಯದು?

ಮೂಡಿಗೆರೆ ಕಡೆ ಹೊಸದಾಗಿ ಸೇರಿದ್ದೀರಿ, ಮಳೆ ರಜೆ ಮೇಲೆ ರಜೆ ಬರುತ್ತಿದೆ, ತಾಲ್ಲೂಕಿಗೊಂದು ಪ್ಲಾನ್ ಬರೆದುಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು ಕೇಳಿದ್ದಾರೆ. ನಿಮ್ಮ ಪತ್ರದಲ್ಲಿ ಇಷ್ಟು ಓದಿದ ಕೂಡಲೇ ನನಗೆ 2020 ನೆನಪಾಯಿತು. ಆಗ ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಒಂದರಿಂದ ಮೂರನೇ ಕ್ಲಾಸು ನಲಿ-ಕಲಿ, ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ, ಎಲ್ಲರೂ ಒಂದೇ ಕೋಣೆಯಲ್ಲಿ. ಕಾಫಿ ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ಮಕ್ಕಳೇ ಜಾಸ್ತಿ.

ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ಜುಲೈನಲ್ಲಿ ಚಂದನ ಟಿವಿಯಲ್ಲಿ ಪಾಠ ಶುರುವಾಯಿತು, ಅದು ಹೈಸ್ಕೂಲಿನವರಿಗೆ. ಚಿಕ್ಕ ಮಕ್ಕಳ ಹತ್ತಿರ ಹೋಗಲು ದಾರಿಯಾದದ್ದು ಆಗಸ್ಟ್‌ನಲ್ಲಿ ಬಂದ ವಿದ್ಯಾಗಮ, ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಿ ಪಾಠ ಮಾಡುವ ಸರ್ಕಾರದ ಕಾರ್ಯಕ್ರಮ. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಕಾಫಿ ಕಣ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಕೂರಿಸಿಕೊಂಡು ಪಾಠ ಮಾಡಿದೆವು. ಅದಕ್ಕೆ ಮೊದಲು ಮಕ್ಕಳನ್ನು ಮೂರು ಗುಂಪು ಮಾಡಿಕೊಳ್ಳಬೇಕಿತ್ತು: ಫೋನೇ ಇಲ್ಲದವರು, ಕೀಪ್ಯಾಡ್ ಫೋನ್ ಇರುವವರು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನಿನವರು. ಯಾರನ್ನು ಹೇಗೆ ತಲುಪುವುದು ಅಂತ ತಿಳಿಯಲು ಅದು ಸರಿಯಾಗಿಯೇ ಇತ್ತು. ಆದರೆ ಸ್ಮಾರ್ಟ್‌ಫೋನ್ ಇದ್ದವರ ಬಗ್ಗೆ ನಾನು ನಿಶ್ಚಿಂತೆಯಾದೆ. ಅವರಿಗೆ ವಾಟ್ಸಾಪ್ ಇದೆ, ನಡೆದುಹೋಗುತ್ತದೆ ಅಂದುಕೊಂಡು ನನ್ನ ಓಡಾಟವೆಲ್ಲ ಉಳಿದವರ ಕಡೆಗಿತ್ತು.

ಆ ಸ್ಮಾರ್ಟ್‌ಫೋನ್ ಗುಂಪಿನಲ್ಲಿ ಒಬ್ಬಳು ಹುಡುಗಿ. ಶಾಲೆ ಮುಚ್ಚಿದಾಗ ಒಂದನೇ ಕ್ಲಾಸು. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ ಗ ಸ ದ ಅ ಇಂದ. ಈ ಐದು ಬಂದರೆ ಸರ, ಅರಸ, ಗರಗಸ ಅಂತ ಮಗು ತಕ್ಷಣ ಪದ ಓದುತ್ತದೆ. ಅವಳು ಆ ಮೆಟ್ಟಿಲಲ್ಲೇ ತಡವರಿಸುತ್ತಿದ್ದಳು. ನಾನು ಅವಳ ಮಟ್ಟಕ್ಕೆ ತಕ್ಕ ಅಭ್ಯಾಸ ಹಾಳೆ ಅವರಪ್ಪನ ಫೋನಿಗೆ ಕಳಿಸುತ್ತಿದ್ದೆ. ಸಂಜೆ ಬರೆದ ಹಾಳೆಯ ಫೋಟೊ ಬರುತ್ತಿತ್ತು. ಎಲ್ಲ ಸರಿ ಇರುತ್ತಿತ್ತು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ತೋರಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕಿ ಮುಂದಿನ ಮೆಟ್ಟಿಲಿನ ಹಾಳೆ ಕಳಿಸುತ್ತಿದ್ದೆ. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ವಿದ್ಯಾಗಮವೂ ನಿಂತಿತು. ಆಮೇಲೆ ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಆ ಫೋಟೊಗಳಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ನಲಿ-ಕಲಿ ಕಾರ್ಡ್ ಅಂದರೆ ಬರೆದು ಮುಗಿಸುವ ಹಾಳೆ ಅಲ್ಲ. ಮಗು ಅಕ್ಷರದ ಸದ್ದು ಹೇಳಬೇಕು, ನೆಲದ ಮೇಲೆ ತಿದ್ದಬೇಕು, ಬೇರೆ ಪದಗಳ ನಡುವೆ ಅದನ್ನು ಹುಡುಕಬೇಕು, ನಮಗೆ ಓದಿ ಹೇಳಬೇಕು. ಮೊದಲು ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಲ್ಲಿ (ಗುಂಪನ್ನು ನಲಿ-ಕಲಿಯಲ್ಲಿ ತಟ್ಟೆ ಅನ್ನುತ್ತೇವೆ) ಕೂತ ಮಗು ನಿಧಾನಕ್ಕೆ ಗೆಳೆಯರ ಸಹಾಯಕ್ಕೆ, ಆಮೇಲೆ ತಾನೇ ಕಲಿಯುವ ತಟ್ಟೆಗೆ ಬರುತ್ತದೆ. ಫೋಟೊದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಪೆನ್ಸಿಲ್ ಹಿಡಿದವರು ಯಾರು ಅಂತಲೂ ಗೊತ್ತಾಗುವುದಿಲ್ಲ. ಮಗುವೇ ಬರೆದಿದ್ದರೂ ನೋಡಿ ಬರೆದದ್ದು ಓದು ಬಂದ ಹಾಗಲ್ಲ. ಆಮೇಲೊಮ್ಮೆ ಆ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ಒಂದು ಹಾಳೆಯಲ್ಲೂ ರಬ್ಬರ್ ಉಜ್ಜಿದ ಗುರುತಿರಲಿಲ್ಲ. ಅಷ್ಟು ಚಿಕ್ಕ ಮಗುವಿನ ಹಾಳೆ ಹಾಗಿರುವುದಿಲ್ಲ, ಅಲ್ವಾ? ಅದು ದಿನಾ ನನ್ನ ಕಣ್ಣ ಮುಂದೆಯೇ ಇತ್ತು.

ಒಂದರಿಂದ ಐದನೇ ಕ್ಲಾಸು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಅವಳು ಮೂರನೇ ಕ್ಲಾಸು. ಗರಗಸದ ಕಾರ್ಡ್ ಕೊಟ್ಟೆ. ಚಿತ್ರ ನೋಡಿ "ಗರಗಸ" ಅಂದಳು. ಚಿತ್ರದ ಮೇಲೆ ಹೆಬ್ಬೆರಳಿಟ್ಟು ಈಗ ಓದು ಪುಟ್ಟಿ ಅಂದೆ. ಅವಳು ಅಕ್ಷರ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು. ಏಳನೇ ಕ್ಲಾಸಿನ ಅಣ್ಣನನ್ನು ಕೇಳಿದರೆ, "ಅವಳು ಅಳ್ತಾಳೆ ಮಿಸ್, ಅದಕ್ಕೆ ನಾನೇ ಬರೀತಿದ್ದೆ" ಅಂದ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಅಡುಗೆ, ತಂಗಿ, ಫೋನು ಎಲ್ಲ ಅವನ ತಲೆ ಮೇಲೆ. ಅವನದೇನೂ ತಪ್ಪಿಲ್ಲ.

ಮೂರನೇ ಕ್ಲಾಸಿಗೆ ನಲಿ-ಕಲಿ ಮುಗಿಯುತ್ತದೆ. ನಾಲ್ಕರಲ್ಲಿ ಎಲ್ಲರಿಗೂ ಒಂದೇ ಪಠ್ಯಪುಸ್ತಕ. ಉಳಿದ ಕೆಲವು ತಿಂಗಳಲ್ಲಿ ಅವಳನ್ನು ದಡ ಮುಟ್ಟಿಸಲು ನನ್ನಿಂದ ಆಗಲಿಲ್ಲ. 2022-23ರಲ್ಲಿ ಕಲಿಕಾ ಚೇತರಿಕೆ ಬಂತು, ಬಿಟ್ಟುಹೋದದ್ದನ್ನು ಮತ್ತೆ ಕಲಿಸಲು ಅವಕಾಶ ಸಿಕ್ಕಿತು. ಆದರೆ ನಾಲ್ಕನೇ ಕ್ಲಾಸಿನ ಹುಡುಗಿ ರ ಗ ಸ ಬರೆಯುವಾಗ ಪಕ್ಕದವರಿಗೆ ಕಾಣದ ಹಾಗೆ ಮೊಣಕೈ ಅಡ್ಡ ಇಡುತ್ತಿದ್ದಳು. ಓದು ಬಂತು. ಆ ನಾಚಿಕೆ ಹೋಗಲು ತುಂಬಾ ಸಮಯ ಹಿಡಿಯಿತು.

ಹಾಗಾಗಿ ಯಾವ ಆ್ಯಪ್ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಅವರವರ ಮಟ್ಟದ ಪಾಠ ಕಳಿಸುವುದು ಸುಲಭ, ನಾನೂ ಕಳಿಸಿದ್ದೆ. ಮಗು ಈಗ ಯಾವ ಮೆಟ್ಟಿಲಲ್ಲಿದೆ ಅಂತ ಬಿಡದೆ ತಿಳಿದುಕೊಳ್ಳುವುದೇ ಕಷ್ಟದ ಕೆಲಸ. ಅಮೆರಿಕದ ಶಾಲಾ ಜಿಲ್ಲೆಗಳು ಕ್ರೋಮ್‌ಬುಕ್ ಅನ್ನುವ ಸಣ್ಣ ಲ್ಯಾಪ್‌ಟಾಪ್ ಹಂಚಿದ್ದನ್ನು ನೀವು ಬರೆದಿದ್ದೀರಿ. ಹೌದು, 2020ರಲ್ಲಿ ಅಲ್ಲಿ ಎಷ್ಟೋ ಕಡೆ ವೈಫೈ ಹಾಕಿದ ಸ್ಕೂಲ್ ಬಸ್ಸನ್ನೂ ಬಡಾವಣೆಗಳಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ನಿಲ್ಲುತ್ತದೆ. ಜುಲೈನ ಮಲೆನಾಡಿಗೆ ಅದನ್ನೇ ಪ್ಲಾನ್ ಅಂತ ಬರೆಯಬೇಡಿ.

ನಾನು ಈಗ ಮಾಡುವುದು ಇದು. ಜೂನ್‌ನಲ್ಲೇ, ಮಳೆ ಜೋರಾಗುವ ಮೊದಲು, ಪ್ರತಿ ಮಗುವಿನ ಓದು ಕೇಳಿ ಅದರ ಮೆಟ್ಟಿಲು ಗುರುತು ಮಾಡುತ್ತೇನೆ. ಆ ಮೆಟ್ಟಿಲಿನ ಕಾರ್ಡುಗಳ ಜೆರಾಕ್ಸ್ ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಲೇಟಿನ ಜೊತೆ ಮನೆಗೆ ಕಳಿಸುತ್ತೇನೆ. ರಜೆ ಬಂದರೆ ತೋಟದಿಂದ ಎಲ್ಲರೂ ವಾಪಸ್ ಬಂದ ಮೇಲೆ ಸಂಜೆ ಫೋನ್ ಮಾಡುತ್ತೇನೆ. ಕೀಪ್ಯಾಡ್ ಫೋನ್ ಸಾಕು. ಮಗುವೇ ಓದಬೇಕು, ನಾನು ಕೇಳಬೇಕು. ಪದಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ. ಬಾಯಿಪಾಠ ಮಾಡಿದ ಮಗು ಅಲ್ಲಿ ನಿಲ್ಲುತ್ತದೆ, ಓದು ಬಂದ ಮಗು ನಿಧಾನವಾದರೂ ಮುಂದೆ ಹೋಗುತ್ತದೆ. ಪಕ್ಕದಿಂದ ಯಾರಾದರೂ ಹೇಳಿಕೊಟ್ಟರೆ ಬೈಯಬೇಡಿ, ನಾಳೆ ಮತ್ತೆ ಮಾಡಿ. ಫೋನ್ ಲೈನೇ ಸಿಗದವರ ಓದನ್ನು ಶಾಲೆ ತೆರೆದ ದಿನ ಎಲ್ಲಕ್ಕಿಂತ ಮೊದಲು ಕೇಳಿ.

ಪ್ಲಾನ್‌ನಲ್ಲಿ ಜೆರಾಕ್ಸ್ ಖರ್ಚು ಶಾಲಾ ಅನುದಾನದಿಂದ ಅಂತ ಸ್ಪಷ್ಟವಾಗಿ ಬರೆಯಿರಿ. ಸಂಜೆಯ ಫೋನನ್ನೂ ಕೆಲಸ ಅಂತಲೇ ಲೆಕ್ಕ ಹಿಡಿಯಬೇಕು. ಮಳೆ ರಜೆಗೆ ಬದಲಾಗಿ ನಡೆಸುವ ಶನಿವಾರದ ಪೂರ್ತಿ ದಿನದಲ್ಲಿ ಪಾಠ ಓಡಿಸದೆ ಓದು ಕೇಳಲು ಬಿಡಿ ಅಂತ ಕೇಳಿ. ಮಕ್ಕಳ ಹಾಳೆಯ ಫೋಟೊ ಗ್ರೂಪಿಗೆ ಹಾಕಿ ಅಂತ ಯಾರಾದರೂ ಸೇರಿಸಿದರೆ ಆ ಸಾಲು ತೆಗೆಸಿ, ದಯವಿಟ್ಟು. ಆ್ಯಪ್ ಹೆಸರು ಇರಲೇಬೇಕು ಅಂದರೆ ಸರ್ಕಾರದ ದೀಕ್ಷಾ ಅಂತ ಹಾಕಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಅದಕ್ಕೇ ಇರುವುದು, ಓದು ಬಂದ ದೊಡ್ಡ ಮಕ್ಕಳಿಗೆ ಉಪಯೋಗವಾಗುತ್ತದೆ.