ಒಬ್ಬರಿಗೇ ಎರಡು ನೋಂದಣಿ ಸಂಖ್ಯೆ

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಆರು ವರ್ಷಗಳಿಂದ ಒಂದೇ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಕಳೆದ ತಿಂಗಳು ಹಳೆಯ ಚೀಟಿಯನ್ನು ಮನೆಯಲ್ಲೇ ಮರೆತು ಹೋಗಿದ್ದರಿಂದ ಕೌಂಟರಿನಲ್ಲಿ ಹೊಸ ಸಂಖ್ಯೆ ಕೊಟ್ಟರು. ವೈದ್ಯರು ಕಂಪ್ಯೂಟರಿನಲ್ಲಿ ನೋಡಿದಾಗ ಹಿಂದಿನ ವರದಿಗಳಾಗಲಿ, ಪೆನಿಸಿಲಿನ್ ಅಲರ್ಜಿಯ ವಿವರವಾಗಲಿ ಕಾಣಲಿಲ್ಲ. ಹೊಸ ಸಂಖ್ಯೆಯನ್ನು ರದ್ದು ಮಾಡಿಸಿದರೆ ಸಾಕೆ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ರದ್ದು ಮಾಡಿಸಬೇಡಿ. ಹೊಸ ಸಂಖ್ಯೆಯಡಿ ಕಳೆದ ತಿಂಗಳ ರಕ್ತಪರೀಕ್ಷೆಯೂ ಔಷಧಿಯ ವಿವರವೂ ಸೇರಿರುವುದರಿಂದ, ಎರಡೂ ಸಂಖ್ಯೆಗಳನ್ನು ಬರೆದುಕೊಂಡು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಹೋಗಿ, ಎರಡನ್ನೂ ಒಂದಾಗಿ ವಿಲೀನಗೊಳಿಸುವಂತೆ ಲಿಖಿತವಾಗಿ ಕೇಳಿಕೊಳ್ಳಿ.

ಇದಕ್ಕೆ ಸಿಬ್ಬಂದಿಯ ಅಸಡ್ಡೆಯೊಂದೇ ಕಾರಣವಲ್ಲ. ಒಂದು ಕಡೆ ‘ಕೆ. ಲಕ್ಷ್ಮಮ್ಮ’ ಎಂದಿರುವವರು ಇನ್ನೊಂದು ಕಡೆ ‘ಲಕ್ಷ್ಮಮ್ಮ ಕೆ.’ ಆಗುತ್ತಾರೆ, ಮತ್ತೊಂದರಲ್ಲಿ ‘ಲಕ್ಷ್ಮಮ್ಮ ಕೋಂ ಕೆಂಚೇಗೌಡ’ ಆಗುತ್ತಾರೆ. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸುವಾಗ ‘ಕ್ಷ’ಕ್ಕೆ ಒಬ್ಬರು ‘ಕೆ-ಎಸ್-ಎಚ್’ ಹಾಕಿದರೆ ಇನ್ನೊಬ್ಬರು ‘ಎಕ್ಸ್’ ಹಾಕುತ್ತಾರೆ. ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತೇವೆ, ಮೊಬೈಲ್ ಸಂಖ್ಯೆ ಒಮ್ಮೆ ಮಗನದು, ಒಮ್ಮೆ ಸೊಸೆಯದು. ಹಿಂದೆ ಉದ್ದದ ಸಾಲು ನಿಂತಿರುವಾಗ ಹಳೆಯ ದಾಖಲೆ ಹುಡುಕುವುದಕ್ಕಿಂತ ಹೊಸದು ತೆರೆಯುವುದೇ ಬೇಗ ಆಗುತ್ತದೆ. ಆದ್ದರಿಂದ ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಜನ್ಮದಿನಾಂಕ ಮತ್ತು ಬದಲಾಗದ ಒಂದೇ ಮೊಬೈಲ್ ಸಂಖ್ಯೆಯನ್ನು ಪ್ರತಿ ಸಲವೂ ಕೊಡಿ.

ವಿಲೀನಕ್ಕೆ ಆಸ್ಪತ್ರೆಯವರು ಗುರುತಿನ ಚೀಟಿ ಕೇಳಿ, ಒಂದೆರಡು ದಿನ ತೆಗೆದುಕೊಂಡರೆ ಬೇಸರಪಡಬೇಡಿ, ಆ ಎಚ್ಚರ ಬೇಕೇ ಬೇಕು. ಒಬ್ಬರ ಮಾಹಿತಿ ಎರಡು ಕಡೆ ಹಂಚಿಹೋಗುವುದಕ್ಕಿಂತ, ಒಂದೇ ಹೆಸರಿನ ಇಬ್ಬರ ಮಾಹಿತಿ ಒಂದೇ ಕಡತದಲ್ಲಿ ಬೆರೆತುಹೋಗುವುದು ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ. ಏಕೆಂದರೆ ಖಾಲಿ ಕಡತವನ್ನು ಕಂಡ ವೈದ್ಯರು ರೋಗಿಯನ್ನೇ ವಿಚಾರಿಸುತ್ತಾರೆ, ತುಂಬಿದ ಕಡತದಲ್ಲಿ ಬೇರೆಯವರ ರಕ್ತದ ಗುಂಪು ಇದ್ದರೆ ಅದನ್ನೇ ನಂಬಿಬಿಡುವ ಸಂಭವವಿದೆ. ಹೆಸರೊಂದನ್ನೇ ನೆಚ್ಚದೆ ಕನಿಷ್ಠ ಎರಡು ಗುರುತುಗಳನ್ನು ತಾಳೆ ನೋಡಬೇಕೆಂಬ ಪದ್ಧತಿ ಇರುವುದು ಇದಕ್ಕಾಗಿಯೇ.

ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸಿದರೆ ಇದೆಲ್ಲ ತಪ್ಪುತ್ತದೆಯೇ ಎಂದು ಅನೇಕರು ಕೇಳುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಕೊಡುವ ಈ 14 ಅಂಕಿಗಳ ಸಂಖ್ಯೆ ಐಚ್ಛಿಕ. ಬೇರೆಬೇರೆ ಆಸ್ಪತ್ರೆಗಳ ದಾಖಲೆಗಳನ್ನು ನಿಮ್ಮ ಒಪ್ಪಿಗೆಯ ಮೇರೆಗೆ ಜೋಡಿಸಲು ಅದು ಉಪಯುಕ್ತ. ಆದರೆ ಆಸ್ಪತ್ರೆಯೊಳಗೆ ಈಗಾಗಲೇ ಇರುವ ಜೋಡಿ ದಾಖಲೆಯನ್ನು ಅದು ತಾನಾಗಿ ಸರಿಪಡಿಸುವುದಿಲ್ಲ.

ವಿಲೀನವಾದ ಮೇಲೆ ಮುದ್ರಿತ ಪ್ರತಿ ಕೇಳಿ ಪಡೆದು, ಪೆನಿಸಿಲಿನ್ ಅಲರ್ಜಿಯ ಸಾಲು ಅದರಲ್ಲಿ ಬಂದಿದೆಯೇ ಎಂದು ನೀವೇ ಓದಿ ನೋಡಿ. ಅಲ್ಲಿಯವರೆಗೆ ತಾಯಿಯವರ ಪ್ರತಿ ಚೀಟಿಯ ತಲೆಯಲ್ಲೂ ಅದನ್ನು ಕೆಂಪು ಶಾಯಿಯಲ್ಲಿ ಬರೆಸಿ, ಔಷಧಿ ಬರೆಯುವ ಮೊದಲೇ ವೈದ್ಯರಿಗೆ ಬಾಯಿಬಿಟ್ಟು ಹೇಳಿ.